ಶಾಂಭವಿಯ ಹೊಸ ರಕ್ತ ಹುಟ್ಟುವವರೆಗೆ

ಎರಡು ಸಾವಿರದ ಆರನೇ ಇಸವಿಯ ಮಾತು. ಒಂದು ಬೆಳಿಗ್ಗೆ ಲಿಂಗರಾಜಪುರದ ವಠಾರದಲ್ಲಿ ಮೇಲಿನ ಕೋಣೆಯ ಹಂಪಣ್ಣ, ಕೆಳಗಿನ ಮನೆಯ ಜಿಯಾವುಲ್ಲಾ ಅವರ ಬಾಗಿಲಿಗೆ ಬಂದು ನಿಂತ. ರಾಯಚೂರು ಕಡೆಯವನು, ಟೈಲ್ಸ್ ಹಾಕುವ ಕೆಲಸ. ಹೆಂಡತಿ ಶಾಂಭವಿಗೆ ರಕ್ತದ ಕ್ಯಾನ್ಸರ್. ಹನ್ನೆರಡು ದಿನದ ಹಿಂದೆ ಅವಳ ಒಡಹುಟ್ಟಿದ ತಂಗಿಯ ಕಾಂಡಕೋಶಗಳನ್ನು, ಅಂದರೆ ರಕ್ತ ಹುಟ್ಟಿಸುವ ಮೂಲ ಕಣಗಳನ್ನು, ಆಕೆಗೆ ಕಸಿ ಮಾಡಿದ್ದರು.

“ಭಾಯ್, ಆಕಿ ಮೂಗಿನಾಗ ರಕ್ತ ನಿಲ್ಲವಲ್ದು. ಪ್ಲೇಟ್‌ಲೆಟ್ ಬೇಕಂತ. ನೀವು ಬರ್ತೀರೇನ್ರಿ?”

ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಜಿಯಾವುಲ್ಲಾ ಹುಬ್ಬೇರಿಸಿದರು. “ಅಲ್ಲಪ್ಪಾ, ರಕ್ತ ಹುಟ್ಸೋದನ್ನೇ ಕೊಟ್ಟಾಯ್ತಲ್ಲ. ಮತ್ತೆ ರಕ್ತ ಯಾಕೆ?”

“ಅದನ್ನ ದವಾಖಾನ್ಯಾಗ ಕೇಳ್ಬೇಕ್ರಿ” ಎಂದ ಹಂಪಣ್ಣ. ಒಳಗಿನಿಂದ ಜಿಯಾವುಲ್ಲಾರ ಹೆಂಡತಿ ಉಮ್ಮೆ ಕುಲ್ಸುಂ, “ದಿನವೆಲ್ಲಾ ನಿಂತು ವ್ಯಾಪಾರ ಮಾಡೋರು ನೀವು, ನಿಶ್ಶಕ್ತಿ ಆಗ್ಬಿಡುತ್ತೆ” ಎಂದರು.

“ಕೊಡೋದು ಆಮೇಲಿನ ಮಾತು. ಕೇಳ್ಕೊಂಡಾದ್ರೂ ಬರ್ತೀನಿ” ಎಂದು ಜಿಯಾವುಲ್ಲಾ ಹಂಪಣ್ಣನ ಜೊತೆ ಹೊರಟರು.

ಆಸ್ಪತ್ರೆಯ ರಕ್ತನಿಧಿಯಲ್ಲಿ ನರ್ಸ್ ಖುರ್ಷೀದಾ ಸಿಕ್ಕರು. ಜಿಯಾವುಲ್ಲಾ ಅದೇ ಪ್ರಶ್ನೆ ಹಾಕಿದರು.

“ಕಸಿಗೆ ಮುಂಚೆ ಜೋರು ಔಷಧಿ ಕೊಟ್ಟು ಮೂಳೆಯೊಳಗಿನ ಹಳೇ ಮಜ್ಜೆ ಖಾಲಿ ಮಾಡಿರ್ತಾರೆ ಭಾಯ್. ಹೊಸ ಕಣ ಅಲ್ಲಿ ನೆಲೆಯೂರಿ ರಕ್ತ ಮಾಡೋಕೆ ಎರಡು ಮೂರು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲೀವರೆಗೂ ಕೆಂಪು ರಕ್ತಾನೂ, ಸೋರೋ ರಕ್ತ ನಿಲ್ಲಿಸೋ ಪ್ಲೇಟ್‌ಲೆಟ್ಟೂ ಹೊರಗಿನವರೇ ಕೊಡ್ಬೇಕು.”

“ಬಿತ್ತಿದ ದಿನಾನೇ ರಾಶಿ ಆಗಂಗಿಲ್ಲ ಅಂದಂಗಾತು” ಎಂದ ಹಂಪಣ್ಣ.

“ಒಂದೇ ಸಲ ತೆಗೆದು ಇಟ್ಕೋಬಾರ್ದಾ?” ಜಿಯಾವುಲ್ಲಾ ಕೇಳಿದರು.

“ಪ್ಲೇಟ್‌ಲೆಟ್ ಐದು ದಿನದ ಮೇಲೆ ಉಳಿಯಲ್ಲ. ಅದಕ್ಕೇ ಮತ್ತೆ ಮತ್ತೆ ಜನ ಬೇಕು. ಶಾಂಭವಿದು ಓ ಗ್ರೂಪ್, ತಂಗಿದು ಬಿ. ಹೊಸ ರಕ್ತ ತಂಗಿಯ ಕಣದಿಂದ್ಲೇ ಹುಟ್ಟೋದ್ರಿಂದ ಕೆಲವು ತಿಂಗಳಲ್ಲಿ ಶಾಂಭವಿದೂ ಬಿ ಆಗ್ಬಹುದು. ನಡುವೆ ಯಾವುದು ಕೊಡ್ಬೇಕು ಅಂತ ಡಾಕ್ಟ್ರು ಲೆಕ್ಕ ಹಾಕ್ತಾರೆ.”

“ಯಾ ಅಲ್ಲಾ! ಮನುಷ್ಯನ ಗ್ರೂಪೇ ಬದಲಾಗುತ್ತಾ?” ಜಿಯಾವುಲ್ಲಾ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಕೊನೆಗೆ ಮೆಲ್ಲಗೆ ಕೇಳಿದರು: “ನನಗೇನೂ ಆಗಲ್ವಾ?”

“ಮೊದಲು ನಿಮ್ಮನ್ನೇ ಪರೀಕ್ಷೆ ಮಾಡ್ತೀವಿ. ಮೆಷಿನ್ನು ಪ್ಲೇಟ್‌ಲೆಟ್ ಮಾತ್ರ ಇಟ್ಕೊಂಡು ಉಳಿದ ರಕ್ತ ವಾಪಸ್ ಕೊಡುತ್ತೆ. ಕೆಲವೇ ದಿನದಲ್ಲಿ ದೇಹ ತುಂಬ್ಕೊಳ್ಳುತ್ತೆ.”

ಪರೀಕ್ಷೆಯಲ್ಲಿ ಎಲ್ಲ ಸರಿಹೋಯಿತು. ಒಂದೂವರೆ ಗಂಟೆ ಅವರು ಮಲಗಿಕೊಂಡೇ ಮೆಷಿನ್ನಿನ ಚಕ್ರ, ಕೊಳವೆಗಳ ಬಗ್ಗೆ ಕೇಳಿದ್ದೇ ಕೇಳಿದ್ದು. ಜೇನುಬಣ್ಣದ ಪ್ಲೇಟ್‌ಲೆಟ್ ಚೀಲದಲ್ಲಿ ತುಂಬಿತು. ಸಂಜೆ ಹೊತ್ತಿಗೆ ಶಾಂಭವಿಯ ಮೂಗಿನ ರಕ್ತ ನಿಂತಿತು.

ಮರುದಿನ ಗಂಡ ಎಂದಿನಂತೆ ಅಂಗಡಿಗೆ ಹೊರಟಿದ್ದನ್ನು ನೋಡಿದ ಉಮ್ಮೆ ಕುಲ್ಸುಂ, “ಹೆಂಗಸರೂ ಕೊಡಬಹುದಂತಾ?” ಎಂದು ಕೇಳಿದರು. ಆ ವಾರ ಅವರು ರಕ್ತ ಕೊಟ್ಟರು. ಅವರ ಹಿಂದೆಯೇ ವಠಾರದ ಏಳು ಜನ ಹೋದರು.

ಕಸಿಯಾದ ಇಪ್ಪತ್ನಾಲ್ಕನೇ ದಿನ ಹಂಪಣ್ಣ ಆಸ್ಪತ್ರೆಯಿಂದ ಫೋನ್ ಮಾಡಿದ. “ಭಾಯ್, ಆಕಿ ಮೈಯಾಗ ಆಕೀದೇ ರಕ್ತ ಹುಟ್ಟಾಕತ್ತೈತಿ!” ಇತ್ತ ಜಿಯಾವುಲ್ಲಾ ಫೋನ್ ಇಡುತ್ತಲೇ ಉಮ್ಮೆ ಕುಲ್ಸುಂಗೆ ಸುದ್ದಿ ಹೇಳಲು ಹೊರಟರು.

ಓದುತ್ತಿರುವ ಅಕ್ಕ ಅಣ್ಣಂದಿರೇ, ಕಸಿ ಮುಗಿದರೂ ರೋಗಿಗೆ ನಿಮ್ಮ ಅಗತ್ಯ ಮುಗಿದಿರುವುದಿಲ್ಲ. ಹದಿನೆಂಟು ದಾಟಿದ್ದು, ಆರೋಗ್ಯವಾಗಿದ್ದರೆ ಹತ್ತಿರದ ರಕ್ತನಿಧಿಗೆ ಹೋಗಿ. ಅನುಮಾನವಿದ್ದರೆ ಅದನ್ನೂ ಜೊತೆಗೇ ಕರೆದೊಯ್ಯಿರಿ, ಕೇಳಿ ತಿಳಿದುಕೊಳ್ಳಿ. ಆಮೇಲೆ ತೋಳು ಚಾಚಿ.