ಎಪ್ಪತ್ತರ ಕೆಳಗೆ

"ಕಟ್ಬೇಡಿ, ಒಂದು ನಿಮಿಷ!" ಎನ್ನುತ್ತ ಚಿತ್ತರಂಜನ ಅಂಗಳಕ್ಕೆ ನುಗ್ಗಿದಾಗ, ಗಿರಿಯಪ್ಪನ ಹೆಣವನ್ನು ಚಟ್ಟಕ್ಕೆ ಬಿಗಿಯುತ್ತಿದ್ದ ಅವನ ತಮ್ಮ ವಾಸು ಕೈ ನಿಲ್ಲಿಸಿದ. ಹಿಂದೆಯೇ ಬ್ಯಾಗು ಹಿಡಿದು ಫಳ್ನೀರಿನ ಡಾಕ್ಟರು ಮೋಹನದಾಸ್ ಬಂದರು.

"ಎದೆಯೊಳಗಿನ ಮಿಶಿನು ಬೆಂಕಿಗೆ ಸಿಡೀತದೆ," ಎಂದರು ಡಾಕ್ಟರು ಮೆಲ್ಲಗೆ. "ತೆಗೀಲೇಬೇಕು."

"ತೆಗೆದು ಎಂತ ಮಾಡ್ತೀರಿ ಮಾರಾಯ್ರೆ? ತೊಳೆದು ಇನ್ನೊಬ್ಬನಿಗೆ ಇಡ್ಲಿಕ್ಕಾ?" ವಾಸು ಎದ್ದು ನಿಂತ.

"ಅಲ್ಲ, ಮಿಶಿನು ಕೊಟ್ಟ ನಮ್ಮ ಕಂಪೆನಿಗೆ ಬೇಕು. ಪರೀಕ್ಷೆಗೆ," ಎಂದ ಚಿತ್ತರಂಜನ.

ಕುಮುದಿನಿ ಗಂಡನ ತಲೆಯ ಬಳಿಯಿಂದ ಏಳಲಿಲ್ಲ. "ತೆಗೀರಿ. ನಾನು ಇಲ್ಲೇ ಇರ್ತೇನೆ."

*

ಎರಡು ವರ್ಷದ ಹಿಂದೆ, ಎಂಬತ್ತೆರಡನೇ ಇಸವಿಯಲ್ಲಿ, ಬಲೆ ಎಳೆಯುತ್ತಿದ್ದಾಗಲೇ ಗಿರಿಯಪ್ಪ ಮೂರು ಸಲ ಎಚ್ಚರ ತಪ್ಪಿ ದೋಣಿಯಲ್ಲಿ ಬಿದ್ದಿದ್ದ. ಹೃದಯ ನಡುನಡುವೆ ಬಡಿಯುವುದನ್ನೇ ಮರೆಯುತ್ತದೆ ಎಂದರು ಡಾಕ್ಟರು. ಬೊಂಬಾಯಿಯ ಕಂಪೆನಿಯೊಂದು ತನ್ನ ಹೊಸ ಪೇಸ್‌ಮೇಕರನ್ನು ಮಾರುಕಟ್ಟೆಗೆ ತರುವ ಮೊದಲು ಕೆಲವರಿಗೆ ಪುಕ್ಕಟೆ ಇಡುತ್ತಿತ್ತು. ಅದರ ಪ್ರತಿನಿಧಿ ಚಿತ್ತರಂಜನ ಕುಮುದಿನಿಗೆ ನಾಡಿ ಎಣಿಸಲು ಕಲಿಸಿದ. "ಎಪ್ಪತ್ತು ಇರ್ಬೇಕು ಅಕ್ಕ. ಕಡಿಮೆಯಾದ್ರೆ ಬ್ಯಾಟರಿ ಮುಗೀತಾ ಉಂಟು ಅಂತ. ಕೂಡ್ಲೇ ನನಗೊಂದು ಪೋಸ್ಟ್ ಕಾರ್ಡು ಹಾಕಿ."

ಗಿರಿಯಪ್ಪ ಮತ್ತೆ ಕಡಲಿಗಿಳಿಯಲಿಲ್ಲ. ಪಣಂಬೂರಿನ ಐಸ್ ಪ್ಲಾಂಟಿನಲ್ಲಿ ಗೇಟು ಕಾಯ್ದ. ದಿನಾ ಚಾಕ್ಕೆ ಮೊದಲು ಕೈ ಚಾಚಿ, "ಎಷ್ಟು ಉಂಟು ಇವತ್ತು?" ಎನ್ನುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹಾಗೆ ಕೈ ಹಿಡಿದು ಕುಳಿತದ್ದೇ ಇರಲಿಲ್ಲ.

ಈ ವರ್ಷ ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ನಾಡಿ ಅರವತ್ತಾರಕ್ಕೆ ಇಳಿಯಿತು. ಕಾರ್ಡು ಹಾಕಿದಳು. ಅರವತ್ತೊಂದು. ಇನ್ನೊಂದು ಕಾರ್ಡು. ಐವತ್ನಾಲ್ಕು ಆದ ದಿನ ತಾನೇ ಚಿತ್ತರಂಜನನ ಆಫೀಸಿಗೆ ಹೋದಳು.

"ಬೇರೆ ಮಿಶಿನು ಫಾರಿನ್ನಿಂದ ಬಂದು ಕಸ್ಟಮ್ಸಿನಲ್ಲಿ ಉಂಟು, ಬರ್ತದೆ," ಎಂದ ಅವನು, ಮುಖ ನೋಡದೆ.

ಮರುದಿನ ಬೆಳಿಗ್ಗೆ ಗಂಡ ಕೈ ಚಾಚಿದಾಗ ಅವಳು, "ಎಪ್ಪತ್ತು," ಎಂದಳು.

*

ಕೊಯ್ದಲ್ಲಿ ರಕ್ತ ಬರಲಿಲ್ಲ. ಡಾಕ್ಟರು ಹೊಲಿಗೆ ಹಾಕಿ, ಲೋಹದ ಆ ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ ಚಿತ್ತರಂಜನನ ಕೈಗಿತ್ತರು. ಅವನು ಫೈಲು ಬಿಚ್ಚಿ, "ಇಲ್ಲೊಂದು ಸಹಿ, ಅಕ್ಕ," ಎಂದು ಪೆನ್ನು ಕೊಟ್ಟ.

ಫಾರಂ ಇಂಗ್ಲಿಷಿನಲ್ಲಿತ್ತು. ನಾಲ್ಕನೇ ಕ್ಲಾಸು ಓದಿದ ಕುಮುದಿನಿಗೆ ಅಂಕಿಗಳು ಮಾತ್ರ ತಿಳಿದವು. ಪ್ರತಿ ತಾರೀಕಿನ ಎದುರೂ ಎಪ್ಪತ್ತು.

"ನಾನು ಕಾರ್ಡಿನಲ್ಲಿ ಬರೆದದ್ದು ಎಲ್ಲಿ?"

"ಮೇಲಿನವರು... ಕಡಿಮೆ ತೋರಿಸಿದ್ರೆ ಮಾರ್ಲಿಕ್ಕೆ ಪರ್ಮಿಶನ್ ಸಿಗುದಿಲ್ಲ ಅಂತ..."

"ನಾನೂ ಎಪ್ಪತ್ತು ಅಂತ್ಲೇ ಹೇಳಿದೆ ಇವರಿಗೆ. ಹೆದರ್ಬಾರ್ದು ಅಂತ." ಅವಳ ದನಿ ಏರಲಿಲ್ಲ. "ನೀವು ಯಾಕೆ ಹೇಳಿದ್ದು?"

ಅವಳು ಹಾಳೆ ಮಗುಚಿದಳು. ಅಡಿಯಲ್ಲಿ ಚಿತ್ತರಂಜನನದೇ ಕನ್ನಡ ಅಕ್ಷರದ ಚೀಟಿಯೊಂದಿತ್ತು: ರಾಫೆಲ್, ವಾಮಂಜೂರು, ಚರ್ಚಿನ ಹಿಂದಿನ ಮನೆ.

"ಇವರಿಗೂ ಇದೇ ಮಿಶಿನಾ?"

"ಹೌದು."

"ಇವರಿಗೆ ಗೊತ್ತುಂಟಾ?"

ಅವನು ತಲೆ ತಗ್ಗಿಸಿದ.

"ಅತ್ತಿಗೆ, ಹೊತ್ತಾಯ್ತು," ಎಂದ ವಾಸು. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಹೆಂಗಸರ ಅಳು ಒಮ್ಮೆಲೇ ಎದ್ದಿತು. ಕುಮುದಿನಿ ಮಾತ್ರ ಸಹಿ ಹಾಕದ ಫಾರಮನ್ನು ಮಡಿಲಲ್ಲಿಟ್ಟುಕೊಂಡು, ಚಿತ್ತರಂಜನನ ಪೆನ್ನಿನಿಂದ ತನ್ನ ಎಡ ಅಂಗೈ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಆ ಹೆಸರು, ಆ ಊರು ಬರೆದುಕೊಳ್ಳುತ್ತಿದ್ದಳು.