ಎಲ್ಲರ ಫೋಲ್ಡರಿನಲ್ಲಿ ಹರ್ಷಿಣಿಯ ಬಯೋಡೇಟಾ

ಕಾಶೀನಾಥನ ಕಚೇರಿಯಲ್ಲಿ ಒಂದು ಕಾಯಿದೆ ಇತ್ತು, ಮಾಡಿದವನೂ ಅವನೇ. ಎಲ್ಲ ಕಂಪ್ಯೂಟರುಗಳಿಗೂ ತೆರೆದಿರುವ 'ಸಮಸ್ತ' ಎಂಬ ಫೋಲ್ಡರಿನಲ್ಲಿ ಯಾವ ಕಾಗದ ಬಿದ್ದರೂ ತಪ್ಪು ಕಂಡವರು ತಿದ್ದಿಬಿಡಬೇಕು, ಕೇಳುತ್ತ ಕೂಡಬಾರದು. ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆಗಳ ಆ ಕಂಪನಿಯ ಮುಖ್ಯ ಕಚೇರಿ ನಾಸಿಕದಲ್ಲಿ. ಛತ್ರಪತಿ ಸಂಭಾಜಿನಗರದ ಶಾಖೆಯವರೂ ಅದೇ ಫೋಲ್ಡರು ತೆರೆದು ಬೇಕಾದ್ದನ್ನು ಪ್ರಿಂಟ್ ತೆಗೆದುಕೊಳ್ಳುತ್ತಿದ್ದರು. "ನಾವೆಲ್ಲಾ ಒಂದೇ ಮನಿಯವ್ರು. ಮನ್ಯಾಗ ಕೀಲಿ ಯಾಕ ಬೇಕ್ರಿ?" ಎಂದು ಮ್ಯಾನೇಜರ್ ಕಾಶೀನಾಥ ಭಾಷಣ ಬಿಗಿಯುತ್ತಿದ್ದ. ಮಹಾರಾಯ, ತನ್ನ ಮನೆಯ ಕಪಾಟಿಗೆ ಮಾತ್ರ ಎರಡು ಕೀಲಿ ಹಾಕುತ್ತಿದ್ದ.

ಮಗಳು ಹರ್ಷಿಣಿ ಓಝರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ಬಂದ ಸಂಬಂಧಗಳೆಲ್ಲ ಅವಳ ನೌಕರಿಯ ಮಾತಿಗೆ ಬಂದು ಮುರಿದಿದ್ದವು. ಈ ಸಲ ಬಂದದ್ದು ಸಂಭಾಜಿನಗರದ ಬಟ್ಟೆ ವ್ಯಾಪಾರಿಯ ಮಗ ರಾಕೇಶ. ಇದೂ ಕೈಬಿಟ್ಟರೆ ಗತಿಯೇನೆಂದು ಹೆದರಿದ ಕಾಶೀನಾಥ, 'ಮದುವೆಯ ನಂತರ ಹುಡುಗಿ ನೌಕರಿ ಬಿಡುತ್ತಾಳೆ' ಎಂದು ಬಯೋಡೇಟಾದಲ್ಲಿ ಬರೆದೇ ಬರೆಯುತ್ತೇನೆಂದ.

"ನೋಕ್ರಿ ನಾ ಬಿಡಂಗಿಲ್ಲ ಪಪ್ಪಾ," ಎಂದು ಹರ್ಷಿಣಿ ಮರಾಠಿ ಬೆರೆಸಿ ಅತ್ತಳು. "ಹಂಗ ಬರದ್ರ ಅವ್ರ ಎದುರಿಗೇ 'ನಾಹೀ' ಅಂತ ಹೇಳ್ತೀನಿ, ಬಘಾ."

"ಬರಿಯೂದು ಅಪ್ಪನ ಕೆಲಸ. ನೀ ಸುಮ್ನಿರು."

ರಾಕೇಶನ ತಾಯಿ ಮಲ್ಲಮ್ಮನಿಗೆ ಮೊಬೈಲಿನಲ್ಲಿ ಬಂದ ಬಯೋಡೇಟಾ ನಡೆಯದು. ಅದು ಕನ್ನಡದಲ್ಲಿರಬೇಕು, ಕಾಗದದ ಮೇಲಿರಬೇಕು, ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿರಬೇಕು. ಕಾಶೀನಾಥ ಬಿಟ್ಟಿ ದಾರಿ ಹುಡುಕಿದ. ಬಯೋಡೇಟಾವನ್ನು ಸಮಸ್ತ ಫೋಲ್ಡರಿಗೆ ಹಾಕಿ, ಶಾಖೆಯ ಗುಮಾಸ್ತ ರವಿಕಾಂತನಿಗೆ ಫೋನು ಮಾಡಿದ: "ನಾಳೆ ಮುಂಜಾನಿ ಬಣ್ಣದಾಗ ಪ್ರಿಂಟ್ ತಗದು, ಅರಿಷಿಣ ಹಚ್ಚಿ, ಅವ್ರ ಮನೀಗೆ ಮುಟ್ಟಿಸಪಾ." ತನ್ನ ಕಾಯಿದೆ ತನ್ನ ಕಾಗದಕ್ಕೂ ಅನ್ವಯಿಸುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ಕಾಯಿದೆ ಮಾಡಿದವರಿಗೆ ಅದು ಹೊಳೆಯುವುದುಂಟೇ?

ಭಾನುವಾರ ಗಂಡಿನ ಕಡೆಯವರು ನಾಸಿಕಕ್ಕೆ ಬಂದರು. ಮಲ್ಲಮ್ಮ ಮೂಗಿಗೆ ಚಾಳೀಸು ಏರಿಸಿ, ಅರಿಷಿಣದ ಕಾಗದ ಬಿಚ್ಚಿದಳು. "ಹುಡುಗಿ ಎತ್ತರ ಐದು ಅಡಿ ಆರು ಇಂಚು ಅಂತ ಬರದೀರಿ."

ಕಾಶೀನಾಥ ತಬ್ಬಿಬ್ಬಾದ. ಅವನು ಬರೆದದ್ದು ಐದು ಅಡಿ ಮೂರು. ಇದು ಸುಧಾಕರನದೇ ಉಪಕಾರ. ಕಚೇರಿಯಲ್ಲಿ ಪಕ್ಕದ ಕುರ್ಚಿಯ ಆ ಮರಾಠಿ ಮಹಾಶಯನಿಗೆ ಕನ್ನಡ ಬಾರದು, ಹಾಗಾಗಿ ಅಂಕಿಯನ್ನಷ್ಟೇ ತಿದ್ದಿದ್ದ.

"ಮತ್ತ ಇಲ್ಲಿ ನೋಡ್ರಿ," ಎಂದು ಮಲ್ಲಮ್ಮ ಬೆರಳಿಟ್ಟು ಓದಿದಳು: "'ಮದುವೆಯ ನಂತರವೂ ಹುಡುಗಿ ನೌಕರಿ ಬಿಡುವುದಿಲ್ಲ. ಇದಕ್ಕೆ ತಂದೆಯ ಪೂರ್ಣ ಒಪ್ಪಿಗೆ ಇದೆ.'"

ಇದು ಯಾರ ಕೈಯೆಂದು ಕಾಶೀನಾಥನಿಗೆ ಥಟ್ಟನೆ ತಿಳಿಯಿತು. ಟೈಪಿಸ್ಟ್ ಮಂಗಲಾ! ಬಾಗಲಕೋಟೆಯ ಈ ಹೆಂಗಸು ಲಗ್ನವಾದಾಗ ಶಾಲೆಯ ಮಾಸ್ತರಿಕೆ ಬಿಟ್ಟು, ನಡುವಯಸ್ಸಿನಲ್ಲಿ ಅವನ ಕೈಕೆಳಗೆ ಟೈಪು ಮಾಡಲು ಬಂದವಳು. ಆ ಸಾಲು ಅವಳಿಗೆ ತಪ್ಪಾಗಿ ಕಂಡಿದೆ, ತಿದ್ದಿದ್ದಾಳೆ. ಹಾಳಾದವಳು, ಮನೆ ಮುರಿದಳಲ್ಲ ಎಂದು ಒಳಗೇ ಶಪಿಸಿದ. ಏನೋ ತಪ್ಪಾಗಿದೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಲ್ಲಮ್ಮನೇ ಮಾತಾಡಿದಳು.

"ಬಂದ ಬಯೋಡೇಟಾದಾಗೆಲ್ಲಾ ನೌಕರಿ ಬಿಡಸ್ತೀವಿ ಅಂತ ಬರದಾರ್ರಿ, ದನಾ ಮಾರಾವ್ರಂಗ. ಕಲಿಸಿದ ಮಗಳ ಬೆನ್ನಿಗೆ ನಿಂತಾವ್ರು ನೀವೊಬ್ರೇ. ಸಂಬಂಧ ಆದ್ರ ಇಂಥಾ ಮನೀದ ಆಗಬೇಕು. ನಮ್ಮ ರಾಕೇಶ ನಾಸಿಕದಾಗೂ ಒಂದು ಅಂಗಡಿ ತಗೀತಾನ, ಅದಕ್ಕೇನು?"

ಚಹಾದ ತಟ್ಟೆ ಹಿಡಿದು, ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದ ಹರ್ಷಿಣಿ ಬಾಗಿಲಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿ ಬಂದಿತ್ತು.

"ಪಪ್ಪಾ, ಖರೇಚ್ ನೀವ ಬರದ್ರಿ?"

ನಿಜ ಹೇಳಿದರೆ ಬೀಗರೂ ಹೋದರು, ಮಗಳೂ ಹೋದಳು. ಕಾಶೀನಾಥ ಎದೆಯುಬ್ಬಿಸಿ ಕೂತ. "ಮತ್ತ್ಯಾರು ಬರೀತಾರವಾ? ನಿಮ್ಮಪ್ಪ ಅಲ್ಲೇನು ನಾನು?"

ಹರ್ಷಿಣಿ ತಟ್ಟೆ ಇಟ್ಟು, ಬಂದವರೆದುರೇ ಅವನ ಕಾಲಿಗೆ ಬಿದ್ದು ಬಿಕ್ಕಿದಳು. ಮಲ್ಲಮ್ಮ ಕಾಗದವನ್ನು ಅವನ ಕೈಗೇ ಕೊಟ್ಟಳು. "ನೀವ ಓದ್ರಿ ಅಣ್ಣಾರ, ನಿಮ್ಮ ಬಾಯಿಂದ ಎಲ್ಲಾರೂ ಕೇಳ್ಲಿ."

ಕಾಶೀನಾಥ ಓದಿದ. 'ತಂದೆಯ ಪೂರ್ಣ ಒಪ್ಪಿಗೆ' ಎನ್ನುವಲ್ಲಿ ತಡವರಿಸಿ, ಅದನ್ನೇ ಮತ್ತೊಮ್ಮೆ ಓದಿದ. "ಹೆತ್ತ ಕರಳು ನೋಡ್ರಿ," ಎಂದು ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಶೀನಾಥ ಹೌದೆಂದು ತಲೆಯಾಡಿಸಿದ.