ಮೇಜುಬಟ್ಟೆಯ ತೂತು

ನನ್ನಕ್ಕನ ಜೊತೆ ಒಂದು ವಾರ ಲಾಂಡ್ರಿ ನಡೆಸಿ ನೋಡಿ, ನನಗೆ ಸಿಟ್ಟು ಯಾಕೆ ಬರುತ್ತದೆಂದು ತಿಳಿಯುತ್ತದೆ. ಇಸ್ತ್ರಿ ನನ್ನ ಪಾಲು, ಕಲೆ ತೆಗೆಯುವುದು ಅವಳ ಪಾಲು. ಗಿರಾಕಿಯೇ "ಸಾಕು ಬಿಡಮ್ಮ, ಹೋಗಿದೆ" ಎಂದರೂ ಅವಳು ಬಟ್ಟೆ ಬಿಡುವವಳಲ್ಲ.

ಅಮ್ಮ ತೀರಿಕೊಂಡ ಮೇಲೆ ಈ ಹಟ ತಲೆಗೇರಿತು. ಅಮ್ಮನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದಳು. ರಾಜಿಯಾಗುವ ಮೊದಲೇ ಅಮ್ಮ ಹೋದಳು. ದೇವರು ತನ್ನ ಮೇಲೆ ಮುನಿದಿದ್ದಾನೆ, ಹೇಗಾದರೂ ಒಲಿಸಿಕೊಳ್ಳಬೇಕು ಎಂಬುದು ಆಮೇಲಿನ ಗೀಳು. ಒಪ್ಪೊತ್ತು ಊಟ, ಕೆಲಸ ಮುಗಿಯದೆ ಅದೂ ಇಲ್ಲ. ಬಿಡುವಾದರೆ ಚರ್ಚಿನ ಬೆಂಚು ಒರೆಸಲು ಓಟ. ಒಮ್ಮೆ ಇಸ್ತ್ರಿ ಮೇಜಿನ ಪಕ್ಕ ತಲೆಸುತ್ತಿ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದರೆ ಕೇಳಿದ್ದೇನು ಗೊತ್ತೇ? ಬಟ್ಟೆ ಸುಟ್ಟಿಲ್ಲ ತಾನೇ ಅಂತ!

ಇಷ್ಟೆಲ್ಲ ಮಾಡಿಯೂ, ಯೇಸುವಿನ ಸಾವನ್ನು ನೆನೆದು ಚರ್ಚಿನಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದಾಗ ಇವಳು ಮಾತ್ರ ಹಿಂದಿನ ಬೆಂಚಿಗೆ ಅಂಟಿಕೊಂಡಿರುತ್ತಿದ್ದಳು.

"ನಾನಿನ್ನೂ ಸರಿ ಹೋಗಿಲ್ಲ ಕಣೇ."

"ಯಾವಾಗ ಸರಿ ಹೋಗ್ತೀಯ? ಸತ್ತ ಮೇಲಾ?" ಎಂದು ಕೇಳಿ ಕೇಳಿ ನನ್ನ ಬಾಯಿ ನೋಯಿತು.

ಈ ಸಲ, ಆ ರೊಟ್ಟಿ, ದ್ರಾಕ್ಷಾರಸ ಇಡುವ ಚರ್ಚಿನ ಮೇಜಿನ ಬಟ್ಟೆಯೇ ಒಗೆಯಲು ಬಂತು. ನಡುವೆ ದ್ರಾಕ್ಷಾರಸದ ಹಳೆಯ ಕಲೆ.

"ಅದು ಹೋಗಲ್ಲ, ಹಾಗೇ ಇರಲಿ ಅಂತ ಪಾಸ್ಟರೇ ಹೇಳಿದ್ದಾರೆ, ಬಿಡಕ್ಕ."

ಕೇಳಿದರೆ ತಾನೇ? ಉಜ್ಜಿದಳು, ಸೋಡಾ ಹಾಕಿದಳು, ಮತ್ತೆ ಉಜ್ಜಿದಳು. ಕಲೆ ಹೋಯಿತು, ಜೊತೆಗೆ ಬಟ್ಟೆಯೂ ಹೋಯಿತು. ಬೆರಳು ತೂರುವಷ್ಟು ದೊಡ್ಡ ತೂತು.

ಭಾನುವಾರ ಅದನ್ನೇ ಮೇಜಿಗೆ ಹಾಸಿ, ತೂತು ಮುಚ್ಚುವಂತೆ ರೊಟ್ಟಿಯ ತಟ್ಟೆ ಇಟ್ಟು, ಕಳ್ಳಿಯಂತೆ ಹಿಂದೆ ಬಂದು ಕೂತಳು. ಪಾಸ್ಟರ್ ತಟ್ಟೆ ಎತ್ತಿದರು. ತೂತು ನೋಡಿದರು. ತಟ್ಟೆ ಹಿಡಿದುಕೊಂಡೇ ನೆಟ್ಟಗೆ ನಮ್ಮ ಬೆಂಚಿಗೆ ಬಂದರು.

"ತಗೋಮ್ಮ."

ಅಕ್ಕ ಬಿರಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಇನ್ನು ಸ್ವಲ್ಪ ದಿನ ಬಿಡಿ ಪಾಸ್ಟರ್. ಸರಿ ಹೋಗಿ ಬರ್ತೀನಿ."

ಆ ಸಾಧು ಮನುಷ್ಯನ ತಾಳ್ಮೆಯೂ ಕೆಟ್ಟಿತು. "ನಿನ್ನ ಕೈಲಿ ಆಗೋ ಹಾಗಿದ್ರೆ ಯೇಸು ಯಾಕಮ್ಮ ಸಾಯ್ಬೇಕಿತ್ತು? ನಿನ್ನ ಪಾಪ ತೊಳೆಯೋಕೆ ಮಾಡಬೇಕಾದ್ದನ್ನೆಲ್ಲ ಆತ ಶಿಲುಬೆ ಮೇಲೆ ಮಾಡಿ ಮುಗಿಸಿ ಆಯ್ತು. ನೀನು ನೋಡಿದ್ರೆ ಇನ್ನೂ ಉಜ್ತಾ ಕೂತಿದ್ದೀಯ!"

"ಅಮ್ಮನ ವಿಷಯ..."

"ಅದಕ್ಕೂ ಸೇರಿಸಿಯೇ ಆತ ಸತ್ತಿದ್ದು. ಕೈ ಚಾಚು."

ಅಕ್ಕ ಕೈ ಚಾಚಿದಳು. ರೊಟ್ಟಿ ಬಾಯಿಗಿಟ್ಟವಳೇ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಮೊದಲು ಬಂದದ್ದು ಸಿಟ್ಟೇ. ಸುಮ್ಮನೆ ಕೈ ಚಾಚುವುದಕ್ಕೆ ಇಷ್ಟು ಕಾಲ ನನ್ನ ಜೀವ ತಿಂದಳಲ್ಲ!

ಮರುದಿನ ಮಧ್ಯಾಹ್ನ, ಬಟ್ಟೆಯ ರಾಶಿ ಹಾಗೇ ಬಿದ್ದಿರುವಾಗಲೇ, ಅಕ್ಕ ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತಳು.

"ಕೆಲಸ ಇನ್ನೂ ಮುಗಿದಿಲ್ವಲ್ಲಕ್ಕ?"

"ಆಮೇಲೆ ಮಾಡಿದ್ರಾಯ್ತು. ಹಸಿವಾಗ್ತಿದೆ, ಬಡಿಸೇ."

ಗೊಣಗುತ್ತಲೇ ಬಡಿಸಿದೆ, ಕಣ್ಣು ಒರೆಸಿಕೊಂಡಿದ್ದು ಅವಳಿಗೆ ಕಾಣದ ಹಾಗೆ. ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಅಮ್ಮ ಹೋದ ಮೇಲೆ ನನ್ನಕ್ಕ ಹೊಟ್ಟೆ ತುಂಬ ಉಂಡದ್ದು ಅಂದೇ.